ನಾವೆಯೇರುವ ದಿನ

ತೀರ್ಥಹಳ್ಳಿಯ ಸೀಮೆಯಲ್ಲಿ ಮೇಳಿಗೆಯೆಂಬ ಗ್ರಾಮವುಂಟು. 1608ರಲ್ಲಿ ಬೊಮ್ಮಣ್ಣ ಸೆಟ್ಟಿಯು ಕಟ್ಟಿಸಿದ ಅನಂತನಾಥ ಬಸದಿಯಿಂದ ಆ ಊರಿನ ಹೆಸರು ಚರಿತ್ರೆಯನ್ನು ಓದುವವರಿಗೆ ಪರಿಚಿತವಾಗಿದೆ. ಅಡಕೆಯ ತೋಟ, ಭತ್ತದ ಗದ್ದೆ, ಅದರಾಚೆಗೆ ಕಾಡು. ಕಾಡಿನಾಚೆಗೆ ಮತ್ತೆ ಕಾಡು. ಇಂತಹ ಊರಿನ ಹೆಸರನ್ನೆತ್ತಿಕೊಂಡು ಹಡಗನ್ನೇರುವ ವಿಚಾರವಾಗಿ ಮಾತನಾಡಹೊರಟರೆ ಕೇಳುವವರಿಗೆ ಅಚ್ಚರಿಯಾಗಬಹುದು. ಆದರೆ ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಇರುವ ನಂಟು ಮಲೆನಾಡಿನಲ್ಲಿ ಬರಿಯ ಮಾತಾಗಿರಲಿಲ್ಲ. ಅದು ನಿತ್ಯದ ವ್ಯಾಪಾರವಾಗಿದ್ದಿತು. ಇಲ್ಲಿಯ ಮೆಣಸು, ಅಡಕೆ, ಏಲಕ್ಕಿಗಳು ಹೇರೆತ್ತುಗಳ ಬೆನ್ನೇರಿ ಘಟ್ಟವನ್ನಿಳಿದು ಹೋಗುವುವು. ಅವೇ ಎತ್ತುಗಳು ಕರಾವಳಿಯ ಉಪ್ಪನ್ನು ಹೊತ್ತು ಹಿಂದಿರುಗುವುವು. ಮೆಣಸಿನ ಕಾಳೊಂದು ಮಲೆನಾಡಿನ ಬಳ್ಳಿಯನ್ನು ಬಿಟ್ಟು ದೂರದೇಶದ ಅಡಿಗೆಮನೆಯನ್ನು ಸೇರಬೇಕಾದರೆ ಎಲ್ಲಿಯೋ ಒಂದು ಕಡೆ, ಒಂದು ದಿನ, ಅದು ದೋಣಿಯನ್ನೇರಲೇಬೇಕು.

ನೀರಿನ ದಾರಿಯೂ ಹಾಗೆಯೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಶ್ರೀರಾಮನು ಅಂಬಿನ ಮೊನೆಯಿಂದ ನೀರನ್ನು ತರಿಸಿದನೆಂದು ಜನರು ನಂಬುವ ಎಡೆಯಲ್ಲಿ, ಶರಾವತಿಯು ಹುಟ್ಟುವಳು. ಹೊಸನಗರ, ಸಾಗರಗಳ ನೆಲವನ್ನು ಹಾಯ್ದು, ಜೋಗದಲ್ಲಿ 830 ಅಡಿಗಳನ್ನು ಧುಮುಕಿ, ಗೇರುಸೊಪ್ಪೆಯಿಂದ ಕೆಳಗೆ ದೋಣಿಗೆ ಒಗ್ಗುವ ಸೌಮ್ಯನದಿಯಾಗಿ ಹೊನ್ನಾವರದ ಅಳಿವೆಯಲ್ಲಿ ಕಡಲನ್ನು ಸೇರುವಳು. ಒಟ್ಟು ಸುಮಾರು 128 ಕಿಲೋಮೀಟರಿನ ಓಟ. ಆದುದರಿಂದ ಮೇಳಿಗೆಯ ಸೀಮೆಗೆ ಹೊನ್ನಾವರವು ಪರಸ್ಥಳವಲ್ಲ. ನಮ್ಮದೇ ನದಿಯ ಕೊನೆಯ ಬಾಗಿಲು.

ಇಂದಿನ ನಮ್ಮ ಮಾತು ಯಾತ್ರೆಯ ವಿಷಯವಲ್ಲ, ಯಾತ್ರೆಯ ಒಂದೇ ದಿನದ ವಿಷಯ. ಅದು ನಾವೆಯೇರುವ ದಿನ. ನೆಲದ ಮೇಲಿನ ಪ್ರಯಾಣದಲ್ಲಿ ಅಗಲಿಕೆಯೆಂಬುದು ಮೆಲ್ಲಮೆಲ್ಲನೆ ಆಗುವುದು. ಮನೆಯವರು ಅಂಗಳದವರೆಗೆ ಬರುವರು, ನೆಂಟರು ಬೀದಿಯ ಕೊನೆಯವರೆಗೆ ಬರುವರು, ಗೆಳೆಯನೊಬ್ಬನು ಊರ ಗಡಿಯವರೆಗೂ ಬಂದು ಇನ್ನೂ ನಾಲ್ಕು ಹೆಜ್ಜೆ ಹಾಕುವನು. ಮರೆತ ವಸ್ತುವಿಗಾಗಿ ಹಿಂದಿರುಗಿ ಹೋಗಬಹುದು. ಮನಸ್ಸು ಬದಲಾಯಿಸಿದರೆ ನಿಲ್ಲಬಹುದು. ನೀರಿನ ಪ್ರಯಾಣದಲ್ಲಿ ಈ ಅನುಕೂಲವಿಲ್ಲ. ಹಗ್ಗವನ್ನು ಬಿಚ್ಚಿ, ದಡಕ್ಕೂ ದೋಣಿಗೂ ನಡುವೆ ಒಂದು ಗೇಣು ನೀರು ಕಾಣಿಸಿಕೊಂಡಿತೋ, ಅಲ್ಲಿಗೆ ಜನರು ಎರಡು ಪಂಗಡವಾದರು: ಏರಿದವರು ಮತ್ತು ಉಳಿದವರು. ಏರಿದವರ ಕ್ಷೇಮವು ಅಲ್ಲಿಂದ ಮುಂದೆ ಅವರವರ ಕೈಯಲ್ಲಿಲ್ಲ. ಪಕ್ಕದಲ್ಲಿ ಕುಳಿತವರ ಕೈಯಲ್ಲಿ, ಅಂಬಿಗನ ಕೈಯಲ್ಲಿ ಇರುವುದು. ಆದಕಾರಣವೇ ಹಿಂದಿನ ಪ್ರವಾಸಿಗಳು ತಮ್ಮ ಬರಹಗಳಲ್ಲಿ ಈ ಒಂದು ದಿನಕ್ಕೆ ವಿಶೇಷವಾದ ಸ್ಥಾನವನ್ನು ಕೊಟ್ಟಿರುವರು. ಹೊನ್ನಾವರದ ಬಾಗಿಲನ್ನು ಹಾದುಹೋದ ಮೂವರ ಕಥೆಯನ್ನು ಈ ದೃಷ್ಟಿಯಿಂದ ನೋಡೋಣ.

ಮೊದಲನೆಯವನು ಮೊರಾಕ್ಕೊ ದೇಶದ ಇಬ್ನ್ ಬತೂತ. 1340ರ ದಶಕದ ಮೊದಲ ವರ್ಷಗಳಲ್ಲಿ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನು ಅವನನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯನ್ನಾಗಿ ಕಳುಹಿಸಿದನು. ಕರಾವಳಿಯುದ್ದಕ್ಕೂ ಬರುತ್ತ ಅವನು ಹೊನ್ನಾವರದಲ್ಲಿ ಇಳಿದು, ಅಲ್ಲಿಯ ಸುಲ್ತಾನ ಜಮಾಲುದ್ದೀನನ ಆತಿಥ್ಯವನ್ನು ಪಡೆದನು. ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡುದಾಗಿ ಬರೆದಿರುವನು. ಬೇರೆಲ್ಲಿಯೂ ಇಂತಹುದನ್ನು ತಾನು ಕಾಣಲಿಲ್ಲವೆಂದೂ ಹೇಳಿರುವನು. ಅಲ್ಲಿಂದ ಮುಂದೆ ಕಲ್ಲಿಕೋಟೆಯಲ್ಲಿ ಚೀನೀ ಹಡಗನ್ನೇರುವ ದಿನ ಬಂದಿತು. ಸುಲ್ತಾನನ ಕಾಣಿಕೆಗಳೂ ಜೊತೆಯ ರಾಯಭಾರಿಗಳೂ ದೊಡ್ಡ ಹಡಗನ್ನೇರಿದರು. ಇಬ್ನ್ ಬತೂತನಿಗೆ ಗೊತ್ತುಮಾಡಿದ್ದ ಕೋಣೆಯು ಅವನಿಗೆ ಸರಿಬೀಳಲಿಲ್ಲ. ಅವನ ಸಾಮಾನೂ ಪರಿವಾರವೂ ಬೇರೊಂದು ಚಿಕ್ಕ ಹಡಗಿಗೆ ಹೋದುವು. ತಾನು ಶುಕ್ರವಾರದ ಪ್ರಾರ್ಥನೆಗಾಗಿ ದಡದಲ್ಲಿಯೇ ಉಳಿದನು.

ಬಿರುಗಾಳಿಯೆದ್ದಿತು. ದೊಡ್ಡ ಹಡಗು ಒಡೆದುಹೋಯಿತು. ಜೊತೆಯ ರಾಯಭಾರಿ ಜಹೀರುದ್ದೀನನ ಶವವು ತಲೆಯೊಡೆದ ಸ್ಥಿತಿಯಲ್ಲಿ ದಡಕ್ಕೆ ಬಂದು ಬಿದ್ದಿತು. ಅದನ್ನು ಕಂಡ ಚಿಕ್ಕ ಹಡಗಿನವರು ಹಾಯಿಯೆತ್ತಿ ಹೊರಟೇಹೋದರು. ದಡದಲ್ಲಿ ನಿಂತವನ ಬಳಿ ಉಳಿದುದು ಹತ್ತು ದಿನಾರುಗಳು, ಹಾಸಿ ಮಲಗುವ ಒಂದು ಜಮಖಾನ. ಜೊತೆಗಾರರ ಶವಗಳಿಗೆ ಪ್ರಾರ್ಥನೆ ಸಲ್ಲಿಸಿ ಮಣ್ಣುಮಾಡಿ, ಅಲೆದಲೆದು, ಕೊನೆಗೆ ಅವನು ಆಶ್ರಯಕ್ಕಾಗಿ ಹಿಂದಿರುಗಿದುದು ಹೊನ್ನಾವರಕ್ಕೇ. ಒಂದು ಕೋಣೆಯ ಅನಾನುಕೂಲವೂ ಒಂದು ಪ್ರಾರ್ಥನೆಯ ವಿಳಂಬವೂ ಒಬ್ಬನನ್ನು ಬದುಕಿಸಿ ಮಿಕ್ಕವರನ್ನು ಕೊಂಡೊಯ್ದುವು. ಬದುಕಿದವನ ಪಾಲಿಗೆ ಬಂದ ಕೆಲಸ ಒಂದೇ: ಹೋದವರ ಹೆಸರನ್ನು ಹೇಳುವುದು. ಅವನು ಬರೆಯಿಸದಿದ್ದರೆ ಆ ದಡದ ಶುಕ್ರವಾರವು ನಮಗೆ ತಿಳಿಯುತ್ತಿರಲಿಲ್ಲ.

ಎರಡನೆಯವನು ನೂರು ವರ್ಷಗಳ ತರುವಾಯ ಬಂದ ಅಬ್ದುರ್ ರಜಾಕ. ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಅವನು 1442ರಲ್ಲಿ ಹೊರಟನು. ಹಾರ್ಮುಜ್ ಬಂದರದಲ್ಲಿ ಅವನ ಪರಿವಾರವನ್ನು ಎರಡು ಹಡಗುಗಳಿಗೆ ಹಂಚಿದರು. ಒಂದು ಹೋದರೂ ಇನ್ನೊಂದು ಉಳಿಯಲೆಂಬ ಲೆಕ್ಕವನ್ನು ಅದರಲ್ಲಿ ಕಾಣಬಹುದು. ಹಡಗಿನ ವಾಸನೆ ಮೂಗಿಗೆ ಬಿದ್ದು, ಕಡಲಿನ ಭಯವೆಲ್ಲ ಕಣ್ಣಮುಂದೆ ನಿಂತು, ತಾನು ಮೂರು ದಿನ ಉಸಿರೊಂದನ್ನು ಬಿಟ್ಟು ಬೇರಾವ ಚೇತನವೂ ಇಲ್ಲದೆ ಬಿದ್ದಿದ್ದುದಾಗಿ ಅವನು ಸಂಕೋಚವಿಲ್ಲದೆ ಬರೆದುಕೊಂಡಿರುವನು. ರಾಯಭಾರಿಗಳು ತಮ್ಮ ಅಂಜಿಕೆಯನ್ನು ಇಷ್ಟು ಬಿಚ್ಚುಮನಸ್ಸಿನಿಂದ ಒಪ್ಪಿಕೊಳ್ಳುವುದು ಅಪೂರ್ವ. ಪ್ರಜ್ಞೆ ಬಂದ ಮೇಲೆ ಅವನ ಆಪ್ತಮಿತ್ರರಾದ ವರ್ತಕರು ಒಕ್ಕೊರಲಿನಿಂದ ಹೇಳಿದ ಮಾತೆಂದರೆ, ಸಮುದ್ರಯಾನದ ಕಾಲವು ಮೀರಿತು, ಈಗ ಹೊರಟವನು ತನ್ನ ಸಾವಿಗೆ ತಾನೇ ಹೊಣೆ, ಎಂಬುದು. ಅವರ ಮಾತಿನಂತೆ ಮಸ್ಕತಿನಲ್ಲಿ ಇಳಿದು ಕಾಯಬೇಕಾಯಿತು. ಹೊರಡುವಾಗ ಹರಸುವವರು ಹಲವರು ಸಿಕ್ಕುವರು. ಹೊರಡಬೇಡವೆಂದು ಹೇಳಬಲ್ಲವನು ಆಪ್ತನೇ ಆಗಿರಬೇಕು.

ವಿಜಯನಗರದಲ್ಲಿ ಎರಡನೆಯ ದೇವರಾಯನ ಆಸ್ಥಾನವನ್ನು ಕಂಡು ಅವನು ಮರಳಿದುದು ನಮ್ಮ ಕರಾವಳಿಗೆ. 1444ರ ಆರಂಭದಲ್ಲಿ ಹೊನ್ನಾವರದಲ್ಲಿ 20 ಜನರಿಗೆ 40 ದಿನಗಳ ಆಹಾರವನ್ನು ತುಂಬಿಸಿ ಹಡಗನ್ನು ಸಿದ್ಧಪಡಿಸಿದನು. ಒಮ್ಮೆ ಹಡಗಿನ ವಾಸನೆಗೇ ಮೂರ್ಛೆಹೋದವನಲ್ಲವೆ? ಆದಕಾರಣ ಏರುವ ಮುನ್ನ ಶಕುನದ ಗ್ರಂಥವನ್ನು ತೆರೆದು ನೋಡಿದನು. ಭಯಪಡಬೇಡವೆಂಬ ಅರ್ಥದ ವಾಕ್ಯವೇ ಕಣ್ಣಿಗೆ ಬಿದ್ದು ಧೈರ್ಯ ಬಂದಿತು. ಪಂಚಾಂಗವನ್ನು ನೋಡಿ ರಾಹುಕಾಲವನ್ನು ಕಳೆದು ಹೊಸಲು ದಾಟುವ ನಮ್ಮವರಿಗೆ ಇದು ಹೊಸದಾಗಿ ತೋರದು. 40 ದಿನಗಳ ಬುತ್ತಿಯೊಡನೆ ಹೊರಟ ಆ ಹಡಗು ಬಿರುಗಾಳಿಗೆ ಸಿಕ್ಕಿ ಹಾರ್ಮುಜನ್ನು ಮುಟ್ಟಿದುದು 65 ದಿನಗಳ ಮೇಲೆ. ಲೆಕ್ಕವು ತಪ್ಪಿದ ಆ 25 ದಿನಗಳಲ್ಲಿ ಜೊತೆಗಾರರೆಂಬ ಮಾತಿಗೆ ಏನು ಬೆಲೆಯೆಂಬುದು 20 ಜನರಿಗೂ ತಿಳಿದಿರಬೇಕು.

ಮೂರನೆಯವನ ಕಥೆಯು ನಮಗೆ ಇನ್ನೂ ಹತ್ತಿರದ್ದು. ಏಕೆಂದರೆ ಅವನು ಹೊನ್ನಾವರದಲ್ಲಿ ನಿಲ್ಲದೆ, ಶರಾವತಿಯ ಮೇಲೆಯೇ ದೋಣಿಯಲ್ಲಿ ಬಂದು, ಘಟ್ಟವನ್ನು ಹತ್ತಿ, ನಮ್ಮ ಸಾಗರವನ್ನೂ ಇಕ್ಕೇರಿಯನ್ನೂ ಕಂಡವನು. ರೋಮ್ ನಗರದ ಶ್ರೀಮಂತಮನೆತನದ ಪಿಯೆತ್ರೊ ದೆಲ್ಲಾ ವಲ್ಲೆಯು 1614ರಲ್ಲಿ ವೆನಿಸ್ಸಿನಲ್ಲಿ ಹಡಗನ್ನೇರಿ ತುರ್ಕಿ, ಈಜಿಪ್ಟ್, ಪರ್ಷಿಯಾಗಳನ್ನು ಸುತ್ತಿ 1623ರಲ್ಲಿ ಹಿಂದೂದೇಶಕ್ಕೆ ಬಂದನು. ಬಾಗ್ದಾದಿನಲ್ಲಿ ಅವನು ಮದುವೆಯಾಗಿದ್ದ ಮಾನಿಯೆಂಬ ತರುಣಿಯು 1621ರ ಕೊನೆಯಲ್ಲಿ ಪರ್ಷಿಯಾದ ಕರಾವಳಿಯ ಬಳಿ ತೀರಿಕೊಂಡಿದ್ದಳು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲಾರದೆ, ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ವರ್ಷಗಟ್ಟಲೆ ತನ್ನೊಡನೆ ಸಾಗಿಸಿ ಕಡೆಗೆ ರೋಮಿನಲ್ಲಿ ಸಮಾಧಿಮಾಡಿದನು.

ಅವನಿಗೆ ಇನ್ನೊಬ್ಬ ಜೊತೆಗಾರನಿದ್ದನು. ಅವನು ನೇಪಲ್ಸ್ ನಗರದ ವೈದ್ಯ ಮಾರಿಯೊ ಸ್ಕಿಪಾನೊ. ಈತನು ಯಾವ ಹಡಗನ್ನೂ ಏರಿ ಗೆಳೆಯನೊಡನೆ ಬಂದವನಲ್ಲ; ದಡದಲ್ಲಿ ಉಳಿದವನು. ಆದರೆ ದೆಲ್ಲಾ ವಲ್ಲೆಯು ಕಂಡುದನ್ನೆಲ್ಲ, ಕೇಳಿದುದನ್ನೆಲ್ಲ, ದೀರ್ಘವಾದ ಪತ್ರಗಳ ರೂಪದಲ್ಲಿ ಬರೆದುದು ಈ ಗೆಳೆಯನಿಗೆ. 1623ರ ಅಕ್ಟೋಬರ್ 30ರ ಪತ್ರವು ಹೊನ್ನಾವರದಿಂದ, ನವೆಂಬರ್ 22ರ ಪತ್ರವು ಇಕ್ಕೇರಿಯಿಂದ. ಕೆಳದಿಯ ಅರಸರ ಕಾಲದ ಮಲೆನಾಡಿನ ಬೀದಿ, ಗುಡಿ, ಕುಣಿತ, ಊಟಗಳ ವಿಷಯವಾಗಿ ಇಂದು ನಮಗೆ ತಿಳಿದಿರುವುದರಲ್ಲಿ ಬಹುಭಾಗವು ದೂರದಲ್ಲಿದ್ದ ಒಬ್ಬ ಸ್ನೇಹಿತನಿಗಾಗಿ ಬರೆದುದು. ಆ ಸ್ನೇಹವಿಲ್ಲದಿದ್ದರೆ ನಮ್ಮ ಚರಿತ್ರೆಯ ಒಂದು ಪುಟವು ಬರಿದಾಗಿರುತ್ತಿತ್ತು.

1623ರ ಅಕ್ಟೋಬರಿನ ನಡುಭಾಗದಲ್ಲಿ ದೆಲ್ಲಾ ವಲ್ಲೆಯು ಗೋವೆಯಲ್ಲಿ ನಾವೆಯನ್ನೇರಿದನು. ಮಳೆಗಾಲ ಮುಗಿದು ಕಡಲು ತೆರೆದಿದ್ದ ಸಮಯ. ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಜುವಾವ್ ಫೆರ್ನಾಂದಿಶ್ ಲೈತಾವ್ ಎಂಬವನನ್ನು ರಾಯಭಾರಿಯನ್ನಾಗಿ ಕಳುಹಿಸುತ್ತಿದ್ದರು. ನಮ್ಮ ಪ್ರವಾಸಿಗೆ ರಾಜಕಾರ್ಯವೇನೂ ಇರಲಿಲ್ಲ. ಒಳನಾಡನ್ನು ನೋಡಬೇಕೆಂಬ ಕುತೂಹಲವೊಂದೇ. ರಾಯಭಾರಿಯ ಸ್ನೇಹವನ್ನು ಆಶ್ರಯಿಸಿ ಅವನ ಜೊತೆಯವನಾಗಿ ಹೊರಟನು. ವೆಂಕಟಪ್ಪನಾಯಕನ ಪರವಾಗಿ ಗೋವೆಯಲ್ಲಿ ಮಾತುಕತೆಯಾಡಿದ್ದ ವಿಠಲ ಶೆಣೈ ಎಂಬ ಬ್ರಾಹ್ಮಣನೂ ಈ ಪಯಣದಲ್ಲಿ ಸೇರಿದ್ದನು.

ಈ ಪಯಣದ ಹಿಂದೆ ಇದ್ದ ವಿಷಯಗಳು ಸಾಮಾನ್ಯವಾದುವಲ್ಲ. ಪೋರ್ಚುಗೀಸರಿಗೆ ಮೆಣಸು ಬೇಕಾಗಿದ್ದಿತು. ಆ ಮೆಣಸು ಬೆಳೆಯುವ ಘಟ್ಟವೂ ಅದು ಇಳಿದುಬರುವ ದಾರಿಯೂ ವೆಂಕಟಪ್ಪನಾಯಕನ ಕೈಯಲ್ಲಿದ್ದುವು. ಮಂಗಳೂರಿನ ಬಂಗರಸನಿಗೂ ಉಳ್ಳಾಲದ ರಾಣಿಗೂ ನಡೆದ ಜಗಳದಲ್ಲಿ ಪೋರ್ಚುಗೀಸರು ಬಂಗರಸನ ಪಕ್ಷವನ್ನೂ, ನಾಯಕನು ರಾಣಿಯ ಪಕ್ಷವನ್ನೂ ಹಿಡಿದಿದ್ದರು; ಗೆಲವು ನಾಯಕನದಾಗಿದ್ದಿತು. ಆ ಬಂಗರಸನ ವಿಷಯವನ್ನು ಇತ್ಯರ್ಥಪಡಿಸುವುದೇ ರಾಯಭಾರದ ಮುಖ್ಯೋದ್ದೇಶ. ಹೀಗೆ ಒಂದೇ ಪಯಣದಲ್ಲಿ ಸೋತವರ ಪ್ರತಿನಿಧಿಯೂ ಗೆದ್ದವರ ಪ್ರತಿನಿಧಿಯೂ ಕಾಣಲೆಂದೇ ಹೊರಟವನೊಬ್ಬನೂ ಇದ್ದರು. ದರ್ಬಾರಿನಲ್ಲಿ ಎದುರುಬದುರಾಗಿ ನಿಲ್ಲತಕ್ಕವರು ನೀರಿನ ಮೇಲೆ ಒಂದೇ ಗಾಳಿಯನ್ನು ನಂಬಿದ್ದರು.

ಹೊನ್ನಾವರದಲ್ಲಿ ಕೆಲವು ದಿನ ತಂಗಬೇಕಾಯಿತು. ದೆಲ್ಲಾ ವಲ್ಲೆಯು ಸುಮ್ಮನೆ ಕೂರುವವನಲ್ಲ. ಅಲ್ಲಿಯ ರಾಮತೀರ್ಥಕ್ಕೆ ಹೋಗಿಬಂದು ಅದರ ವರ್ಣನೆಯನ್ನು ಬರೆದನು. ಆಮೇಲೆ ಬಂದಿತು ಎರಡನೆಯ ಬಾರಿ ನಾವೆಯೇರುವ ಹೊತ್ತು. ಈ ಸಲ ಕಡಲಿನ ಹಡಗಲ್ಲ, ನದಿಯ ದೋಣಿ. ಕಡಲಿನ ಹಡಗಿಗೆ ಋತುವನ್ನು ನೋಡಬೇಕು. ಅಳಿವೆಯ ನದಿಯ ದೋಣಿಗೆ ಉಬ್ಬರವನ್ನು ನೋಡಬೇಕು. ಉಬ್ಬರದ ನೀರು ಒಳಕ್ಕೆ ನುಗ್ಗುವಾಗ ಹೊರಟರೆ ಹುಟ್ಟುಹಾಕುವವನ ತೋಳಿಗೆ ಅರ್ಧ ಕೆಲಸ. ಇಳಿತದಲ್ಲಿ ಹೊರಟರೆ ಎರಡು ಪಾಲು ಕೆಲಸ. ಎರಡೂ ಕಡೆ ಹಸುರಾದ ಗುಡ್ಡಗಳು, ನಡುನಡುವೆ ಪುಟ್ಟ ದ್ವೀಪಗಳು, ದಡಕ್ಕೆ ಬಾಗಿದ ಮರಗಳು. ನೈಲ್ ನದಿಯನ್ನು ಕಂಡುಬಂದಿದ್ದ ಈ ಪ್ರವಾಸಿಯು ತನ್ನ ಜೀವಮಾನದಲ್ಲಿ ಕಂಡ ಅತ್ಯಂತ ರಮಣೀಯವಾದ ನದಿಗಳಲ್ಲಿ ಗೇರುಸೊಪ್ಪೆಯ ಹೊಳೆಯನ್ನು ಎಣಿಸಿರುವನು. ಅಂಬುತೀರ್ಥದಲ್ಲಿ ಬೊಗಸೆಯಷ್ಟು ನೀರಾಗಿ ಹುಟ್ಟಿದ ನಮ್ಮ ಶರಾವತಿಗೆ ದೊರೆತ ಈ ಹೊಗಳಿಕೆಯು ಮಲೆನಾಡಿನವರು ನೆನಪಿನಲ್ಲಿಡತಕ್ಕದ್ದು.

ದೋಣಿಯಿಂದ ಇಳಿದು ನೋಡಿದರೆ ಗೇರುಸೊಪ್ಪೆಯು ಹಾಳುಬಿದ್ದಿದ್ದಿತು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯು ಅರ್ಧ ಶತಮಾನಕ್ಕೂ ಮಿಕ್ಕು ಆಳಿದ ರಾಜಧಾನಿ. ಚತುರ್ಮುಖ ಬಸದಿಯು ಎದ್ದುನಿಂತ ನಗರ. ಕೆಳದಿಯವರು ಆ ರಾಜ್ಯವನ್ನು ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ವಶಪಡಿಸಿಕೊಂಡರು. ಅದಾಗಿ ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ. ಅರಮನೆಯಿದ್ದೆಡೆ ಕಾಡು ಬೆಳೆದು, ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದುವು. ಗೇರುಸೊಪ್ಪೆಯು ಅಳಿಯುತ್ತಿದ್ದ ಆ ವರ್ಷಗಳಲ್ಲಿಯೇ ಘಟ್ಟದ ಮೇಲೆ ಮೇಳಿಗೆಯಲ್ಲಿ ಬೊಮ್ಮಣ್ಣ ಸೆಟ್ಟಿಯ ಬಸದಿಯು ಎದ್ದಿತೆಂಬುದನ್ನು ನೆನೆದರೆ, ಒಂದೂರು ಮುಳುಗುವಾಗ ಇನ್ನೊಂದೂರು ತೇಲುವುದೆಂಬ ಲೋಕರೂಢಿಯು ನೆನಪಾಗುವುದು.

ಮುಂದಿನದು ಘಟ್ಟದ ಏರು. ಇಟಲಿಯ ಪರ್ವತಗಳಿಗಿಂತಲೂ ಈ ಘಟ್ಟವು ಚೆಲುವಾದುದೆಂದು ಮೆಚ್ಚುತ್ತ ಹತ್ತಿ, ಮೇಲೆ ಹನುಮಂತನ ಗುಡಿಯೊಂದರ ಜಗಲಿಯಲ್ಲಿ ಅವನು ಕಂಡ ನೋಟವು, ನಮ್ಮ ಎಣಿಕೆಯಲ್ಲಿ, ಇಡೀ ಪ್ರವಾಸದಲ್ಲಿ ಅತ್ಯಂತ ಬೆಲೆಯುಳ್ಳದ್ದು. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ ಲೆಕ್ಕವನ್ನು ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಮಿಕ್ಕವರೂ ಅದನ್ನೇ ಹೇಳುತ್ತ ಬರೆಯುವರು. ನೆಲವೆಲ್ಲ ತುಂಬಿದ ಮೇಲೆ ಅಳಿಸಿ, ಬೇಕಾದರೆ ಹೊಸ ಮರಳನ್ನು ಚೆಲ್ಲಿ, ಮತ್ತೆ ಬರೆಯುವರು. ಹತ್ತಿರದಲ್ಲಿ ಉಪಾಧ್ಯಾಯನಿಲ್ಲ. ಪ್ರವಾಸಿಯು ಕೇಳಿದನು: ನೀವು ಮರೆತರೆ ಹೇಳಿಕೊಡುವವರು ಯಾರು? ಹುಡುಗರು ಕೊಟ್ಟ ಉತ್ತರದ ಅಭಿಪ್ರಾಯವಿಷ್ಟು: ನಾಲ್ವರೂ ಒಂದೇ ಭಾಗವನ್ನು ಮರೆಯುವುದು ಆಗದ ಮಾತು, ಒಬ್ಬನು ಮರೆತುದನ್ನು ಇನ್ನೊಬ್ಬನು ನೆನಪಿಸುವನು, ಅದಕ್ಕಾಗಿಯೇ ನಾವು ಕೂಡಿ ಕಲಿಯುತ್ತೇವೆ. ಆ ಉತ್ತರವನ್ನು ಅವನು ಬಹಳವಾಗಿ ಮೆಚ್ಚಿದನು. ಜೊತೆಗಾರರು ಏತಕ್ಕೆ ಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಬೇರೆಲ್ಲಿಯೂ ಕಾಣೆವು.

ಇಕ್ಕೇರಿಯ ರಾಯಭಾರವು ಹೇಗೆ ನಡೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1639ರ ಸುಮಾರಿಗೆ ರಾಜಧಾನಿಯು ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಹೋಯಿತು. ಕಾಲಕ್ರಮದಲ್ಲಿ ರಸ್ತೆಗಳಾದುವು, ಲಾರಿಗಳು ಬಂದುವು. ಗೇರುಸೊಪ್ಪೆಯ ದೋಣಿಯ ದಾರಿಗೆ ಹಿಂದಿನ ಮಹತ್ವವು ಉಳಿಯಲಿಲ್ಲ. ನಾವೆಯೇರುವ ದಿನವು ಮಲೆನಾಡಿನವರ ಬಾಳಿನಿಂದ ಮರೆಯಾಗುವುದೆಂದೇ ಯಾರಾದರೂ ಎಣಿಸಬಹುದಾಗಿದ್ದಿತು. ಆದರೆ ನಡೆದುದು ಬೇರೆ. ಕಡಲಿನಿಂದ ದೂರವಾಗಿ, ಜೋಗದಿಂದ ಮೇಲೆ, ಅದೇ ಶರಾವತಿಯು ಇನ್ನೊಂದು ಕಡಲಾಗಿ ನಿಂತಳು.

ವಿದ್ಯುಚ್ಛಕ್ತಿಗಾಗಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೊದಲು ಕಟ್ಟಲ್ಪಟ್ಟಿತು. 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸಮಾಡಲಾರಂಭಿಸಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಹಳೆಯ ಅಣೆಕಟ್ಟನ್ನೂ ಒಳಗೊಂಡು 300 ಚದರ ಕಿಲೋಮೀಟರಿಗೂ ಮಿಕ್ಕ ನೆಲದ ಮೇಲೆ ನೀರು ನಿಂತಿತು. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಗುಡಿ, ಮನೆಗಳು ಅದರಡಿಯಲ್ಲಿ ಹೋದುವು. ಆ ಊರುಗಳ ಜನರು ಹೊರಟ ದಿನವೂ ಒಂದು ಬಗೆಯ ನಾವೆಯೇರುವ ದಿನವೇ. ಅವರು ಏರಿದುದು ದೋಣಿಯನ್ನಲ್ಲ, ಲಾರಿಯನ್ನು. ತೊಲೆ, ಬಾಗಿಲು, ಪಾತ್ರೆ, ಹಸುಕರುಗಳೊಡನೆ ಶಿವಮೊಗ್ಗ, ಭದ್ರಾವತಿ, ಸಾಗರಗಳ ಕಡೆಯ ಕಾಡುನೆಲಗಳಿಗೆ ಹೋಗಿ ಇಳಿದರು. ನಾಡಿಗೆಲ್ಲ ಬೆಳಕನ್ನು ಕೊಟ್ಟ ಈ ಜನರಲ್ಲಿ ಅರ್ಧ ಶತಮಾನಕ್ಕೂ ಮಿಕ್ಕು ಭೂಮಿಯ ಹಕ್ಕುಪತ್ರಕ್ಕಾಗಿ ಕಾದ ಕುಟುಂಬಗಳುಂಟು. ಸಾಗರದ ನಾ. ಡಿಸೋಜರು ಮುಳುಗಡೆಯನ್ನೇ ವಸ್ತುವಾಗಿ ತೆಗೆದುಕೊಂಡು ಕಾದಂಬರಿಗಳನ್ನು ಬರೆದುದು ಈ ನೋವನ್ನು ಹತ್ತಿರದಿಂದ ಕಂಡುದರಿಂದ.

ಉಳಿದವರ ಪಾಡು ಇನ್ನೊಂದು ತೆರನಾದುದು. ಕರೂರು, ಬಾರಂಗಿ ಹೋಬಳಿಗಳ ಗ್ರಾಮಗಳು ಹಿನ್ನೀರಿನ ಆಚೆಗೆ ಸಿಕ್ಕಿಬಿದ್ದುವು. ಸಾಗರದ ಪೇಟೆಯನ್ನು ಸೇರಬೇಕಾದರೆ ಹೊಳೆಬಾಗಿಲಿನ ಕಡವಿಗೆ ಬಂದು ಲಾಂಚನ್ನೇರಬೇಕು. ನಾವೆಯೇರುವ ದಿನವೆಂಬುದು ಅವರಿಗೆ ಜೀವಮಾನದಲ್ಲಿ ಒಂದೆರಡು ಬಾರಿ ಬರುವ ಘಟನೆಯಾಗಿರಲಿಲ್ಲ. ದಿನವೂ ನಾವೆಯೇರುವ ದಿನವೇ. ಬಸ್ಸು, ಜೀಪು, ಅಡಕೆಯ ಮೂಟೆ, ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲವೂ ಆ ಒಂದು ಕಬ್ಬಿಣದ ಹಲಗೆಯ ಮೇಲೆಯೇ ಸಾಗಬೇಕು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಕಾಯಿಲೆ ಉಲ್ಬಣಿಸಿದರೆ ಬೆಳಗಿನವರೆಗೆ ದೇವರೇ ಗತಿ; ಇಲ್ಲವೆ ಬಹುದೂರ ಸುತ್ತಿಹೋಗಬೇಕು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು.

ಅದೇ ಲಾಂಚಿನ ಮೇಲೆ ಇನ್ನೊಂದು ಬಗೆಯ ಜನರೂ ನಿಲ್ಲುತ್ತಿದ್ದರು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆಂದು ಪಟ್ಟಣಗಳಿಂದ ಸ್ನೇಹಿತರ ಗುಂಪುಗಳು ಬರುವುವು. ಅವರಿಗೆ ಲಾಂಚನ್ನೇರುವುದೇ ಅರ್ಧ ಸಂತೋಷ. ಕಾರಿನಿಂದಿಳಿದು ಕಂಬಿಗೆ ಒರಗಿ, ತಂಗಾಳಿಯನ್ನು ಸವಿದು, ನೀರಿನ ನಡುವೆ ತಲೆಯೆತ್ತಿದ ಗುಡ್ಡಗಳನ್ನು ತೋರಿಸುತ್ತ, ಚಿತ್ರಗಳನ್ನು ತೆಗೆದುಕೊಳ್ಳುವರು. ನಾವೂ ಆ ಗುಂಪಿಗೆ ಸೇರಿದವರೇ. ಆ ಸಂತೋಷವನ್ನು ಅಲ್ಲಗಳೆಯುವ ಅಧಿಕಾರವು ನಮಗಿಲ್ಲ. ಆಪ್ತರೊಡನೆ ನೀರಿನ ಮೇಲೆ ಕಳೆದ ಒಂದು ಗಳಿಗೆಯು ಬಹುಕಾಲ ನೆನಪಿನಲ್ಲಿರುವಂತಹುದು. ಆದರೆ ಆ ದ್ವೀಪಗಳೆಲ್ಲ ಹಿಂದೆ ಗುಡ್ಡದ ನೆತ್ತಿಗಳು; ದೋಣಿಯ ಕೆಳಗೆ ಇರುವುದು ಯಾರದೋ ಅಂಗಳ. ಒಂದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ನಿಂತ ಇಬ್ಬರಲ್ಲಿ ಒಬ್ಬನು ನೋಡುವುದು ನೀರನ್ನು. ಇನ್ನೊಬ್ಬನು ನೋಡುವುದು ನೀರಿನಡಿಯ ನೆಲವನ್ನು. ಇವರಿಬ್ಬರೂ ಮಾತನಾಡಿಕೊಳ್ಳದೆಯೇ ಆಚೆಯ ದಡವನ್ನು ಮುಟ್ಟಿ ಅವರವರ ದಾರಿಯನ್ನು ಹಿಡಿದರೆ, ಅದನ್ನು ಕೂಡಿ ಮಾಡಿದ ಪ್ರಯಾಣವೆಂದು ಹೇಳಲಾದೀತೆ?

2025ರ ಜುಲೈ 14ರಂದು ಹೊಳೆಬಾಗಿಲಿನ ಬಳಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, 2 ಕಿಲೋಮೀಟರಿಗೂ ಉದ್ದವಾದ ಸೇತುವೆಯು ಸಂಚಾರಕ್ಕೆ ತೆರೆಯಿತು. ಆರು ದಶಕಗಳ ಕಾಯುವಿಕೆಯು ಕೊನೆಗೊಂಡಿತು. ಲಾಂಚಿನ ಗಂಟೆಯನ್ನು ನೋಡಿಕೊಂಡು ಬಾಳುತ್ತಿದ್ದವರಿಗೆ ಇದು ಎಂತಹ ಬಿಡುಗಡೆಯೆಂಬುದನ್ನು ನಾವು ಪಟ್ಟಣದವರು ಪೂರ್ತಿಯಾಗಿ ಊಹಿಸಲಾರೆವು. ಲಾಂಚಿನ ಪಯಣದ ಸೊಗಸು ಹೋಯಿತಲ್ಲ ಎಂದು ಹಲುಬುವವರುಂಟು. ಅಂತಹವರು ಒಂದು ರಾತ್ರಿ ಕಾಯಿಲೆಯವರನ್ನು ಮಡಿಲಲ್ಲಿಟ್ಟುಕೊಂಡು ಕಡವಿನಲ್ಲಿ ಬೆಳಗನ್ನು ಕಾಯುವುದನ್ನು ನೆನೆದುಕೊಳ್ಳಲಿ. ಸೇತುವೆಯು ಒಳ್ಳೆಯದೇ. ಆದರೆ ಒಂದು ಎಚ್ಚರವು ನಮಗೆ ಬೇಕು. ದೋಣಿಯಲ್ಲಿ ನಿಂತಾಗ ನೀರು ಎಷ್ಟು ಅಗಲವೆಂಬುದು ಕಾಲಿಗೆ ತಿಳಿಯುತ್ತಿದ್ದಿತು. ಏಕೆ ಅಷ್ಟು ಅಗಲವಾಯಿತೆಂದು ಕೇಳುವ ಹೊತ್ತು ಇರುತ್ತಿದ್ದಿತು. ಸೇತುವೆಯ ಮೇಲಿನ ಕಾರು ಕೆಲವೇ ನಿಮಿಷಗಳಲ್ಲಿ ದಾಟುವುದು. ಅಷ್ಟರಲ್ಲಿ ಪ್ರಶ್ನೆಯು ಹುಟ್ಟದೆ ಹೋಗಬಹುದು.

ಈಗ ಮೊದಲಿನ ಮಾತಿಗೆ ಬರೋಣ. ಜೊತೆಗಾರರನ್ನು ಕಳೆದುಕೊಂಡು ದಡದಲ್ಲಿ ನಿಂತ ಇಬ್ನ್ ಬತೂತನು ಅವರ ಹೆಸರನ್ನು ಉಳಿಸಿದನು. ಗೆಳೆಯರ ಎಚ್ಚರಿಕೆಯನ್ನು ಕೇಳಿದ ಅಬ್ದುರ್ ರಜಾಕನು ತನ್ನ ಭಯವನ್ನು ಮುಚ್ಚಿಡದೆ ಬರೆದನು. ದಡದಲ್ಲಿ ಉಳಿದ ಗೆಳೆಯನಿಗಾಗಿ ದೆಲ್ಲಾ ವಲ್ಲೆಯು ಒಂದು ನಾಡಿನ ಚಿತ್ರವನ್ನೇ ಕಳುಹಿಸಿದನು. ಇವರೆಲ್ಲರಿಗಿಂತ ಸುಲಭವಾಗಿ ಅದರ ಮರ್ಮವನ್ನು ಹೇಳಿದವರು ಘಟ್ಟದ ಮೇಲಿನ ಗುಡಿಯ ಜಗಲಿಯಲ್ಲಿ ಕುಳಿತಿದ್ದ, ಚರಿತ್ರೆಯಲ್ಲಿ ಹೆಸರಿಲ್ಲದ, ನಾಲ್ವರು ಹುಡುಗರು. ಅವರು ಬರೆದುದು ಮರಳಿನ ಮೇಲೆ. ಬರೆದುದನ್ನು ತಾವೇ ಅಳಿಸುತ್ತಿದ್ದರು. ಆದರೂ ಪಾಠವು ಅಳಿಯುತ್ತಿರಲಿಲ್ಲ, ಏಕೆಂದರೆ ನಾಲ್ವರಿದ್ದರು.

ಲಿಂಗನಮಕ್ಕಿಯ ನೀರು ಅನೇಕ ಊರುಗಳನ್ನು ಅಳಿಸಿರುವುದು. ಆ ಊರುಗಳ ಹೆಸರು, ಹೊಳೆಯ ಹಳೆಯ ದಾರಿ, ಗದ್ದೆಯ ಬದು, ಗುಡಿಯ ಜಾತ್ರೆಯ ತಿಥಿ, ಇವುಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಮುಂದಿನ ಸಲ ಆಪ್ತರೊಡನೆ ಆ ಕಡೆಗೆ ಪ್ರವಾಸ ಹೊರಟಾಗ, ಹೊನ್ನಾವರದ ಹೊಳೆಯಲ್ಲಿ ದೋಣಿಯನ್ನೇರಿದರೂ ಸರಿ, ಹಿನ್ನೀರಿನ ಸೇತುವೆಯನ್ನು ದಾಟಿದರೂ ಸರಿ, ಅಂತಹ ಒಬ್ಬ ಹಿರಿಯರ ಮಾತನ್ನು ಒಂದು ಗಳಿಗೆ ಕುಳಿತು ಕೇಳೋಣ. ಒಬ್ಬರು ಊರಿನ ಹೆಸರನ್ನು, ಒಬ್ಬರು ಅದರ ಕಥೆಯನ್ನು, ಒಬ್ಬರು ಅದು ಇದ್ದ ದಿಕ್ಕನ್ನು ನೆನಪಿನಲ್ಲಿಟ್ಟುಕೊಂಡು ಬಂದರೆ ಸಾಕು. ಎಲ್ಲರೂ ಒಂದನ್ನೇ ಮರೆಯುವುದು ಆಗದ ಮಾತು.